ರಸೀದಿ ಇಲ್ಲದ ಹಣ



ಈ ಉಪನ್ಯಾಸ ನಡೆಯುತ್ತಿರುವುದು ಒಂದು ಮನೆತನದವರು ತಮ್ಮ ಗಳಿಕೆಯಲ್ಲಿ ಪಾಲು ತೆಗೆದು, ಕಾಗದದ ಮೇಲೆ ಬರೆದುಕೊಟ್ಟು, ಮರಳಿ ಏನನ್ನೂ ಕೇಳದೆ ಇಟ್ಟ ಹಣದ ಬಡ್ಡಿಯಿಂದ. ಆ ಹಣಕ್ಕೆ ರಸೀದಿ ಇದೆ, ಖಾತೆ ಇದೆ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಇದೆ. ನಾನು ಮಾತಾಡಲು ಬಂದಿರುವುದು ಇದಾವುದೂ ಇಲ್ಲದ ಹಣದ ಬಗ್ಗೆ. ಸೀಟಿಗೆ ಕೊಡುವ ಹಣ, ನೌಕರಿಗೆ ಕೊಡುವ ಹಣ, ಅಂಕಕ್ಕೆ ಕೊಡುವ ಹಣ, ತಪಾಸಣೆಗೆ ಬಂದವರ ಕೈಗೆ ಇಡುವ ಹಣ. ಪತ್ರಿಕೆಗಳಲ್ಲಿ ಇವು ಒಂದೊಂದು ದಿನ ಒಂದೊಂದು ಊರಿನ ಹಗರಣವಾಗಿ ಬರುತ್ತವೆ, ನಾವು ಓದಿ ಮರೆಯುತ್ತೇವೆ. ನನ್ನ ಮಟ್ಟಿಗೆ ಅವೆಲ್ಲ ಒಂದೇ ಹಗರಣ. ಗುಟ್ಟಾಗಿ ಹಣ ಕೊಟ್ಟವನು ಅದನ್ನು ಯಾರಿಂದಲಾದರೂ ವಸೂಲಿ ಮಾಡಿಯೇ ಮಾಡುತ್ತಾನೆ. ಆ ವಸೂಲಿ ಕೈಯಿಂದ ಕೈಗೆ ಇಳಿದು ಕೊನೆಗೆ ಬಂದು ಬೀಳುವುದು ಯಾವ ವಶೀಲಿಯೂ ಇಲ್ಲದ ಮನೆಯ ಹುಡುಗ ಹುಡುಗಿಯರ ಮೇಲೆ. ಈ ಒಂದು ಮಾತನ್ನು ವಿವರವಾಗಿ ಹೇಳುವುದೇ ನನ್ನ ಇಂದಿನ ಕೆಲಸ.

ನಮ್ಮ ಬೆಳಗಾವಿ ಗಡಿಭಾಗದ ವಿದ್ಯಾಸಂಸ್ಥೆಗಳು ಇಂಥ ಹಣದಿಂದ ಹುಟ್ಟಲಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಸೊಸೈಟಿ ಕಟ್ಟಿದರು, 1933ರಲ್ಲಿ ತೆರೆದ ಅದರ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು. ಆ ಕಾಲದಲ್ಲಿ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ದೊರೆ ಶಾಹೂ ಮಹಾರಾಜರು 1902ರಲ್ಲೇ ಸಂಸ್ಥಾನದ ನೌಕರಿಗಳಲ್ಲಿ ಶೇ. 50ನ್ನು ಹಿಂದುಳಿದವರಿಗೆ ಮೀಸಲಿಟ್ಟು, ಬೇರೆ ಬೇರೆ ಜಾತಿಯ ಬಡ ಹುಡುಗರಿಗೆ ಕೊಲ್ಹಾಪುರದಲ್ಲಿ ಬೋರ್ಡಿಂಗುಗಳು ಏಳುವಂತೆ ಮಾಡಿದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿದ ಭಾವುರಾವ ಪಾಟೀಲರು ನಮ್ಮ ಪಕ್ಕದ ಕುಂಭೋಜದವರು. ಅವರ ವಸತಿಗೃಹದಲ್ಲಿ ಹುಡುಗರ ಊಟಕ್ಕೆ ಕಾಳು ತೀರಿದಾಗ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಬಂಗಾರವನ್ನು, ಕಡೆಗೆ ತಾಳಿಯನ್ನೂ ಕೊಟ್ಟರು. ಮುಂದೆ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳಲ್ಲಿ ಕಾಲೇಜುಗಳು ತೆರೆದಾಗ, ಹೊಲದ ಮಕ್ಕಳು ಬಿ.ಎ., ಬಿ.ಕಾಂ. ಓದಲು ಧಾರವಾಡಕ್ಕೋ ಕೊಲ್ಹಾಪುರಕ್ಕೋ ಹೋಗಿ ಖೋಲಿ ಹಿಡಿಯುವುದು ತಪ್ಪಿತು. ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳುವಂತಾಯಿತು. ಇದು ಸಣ್ಣ ಸಾಧನೆಯಲ್ಲ. ಇಂಥ ಕಟ್ಟಡಗಳೊಳಗೆ ಗುಟ್ಟಿನ ಹಣ ನುಗ್ಗಿದ್ದು ನನಗೆ ಇಷ್ಟು ನೋಯುವುದೂ ಅದಕ್ಕೇ.

ಆ ಹಣ ನುಗ್ಗಿದ ದೊಡ್ಡ ಬಾಗಿಲು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು. ಸರ್ಕಾರದ ಬಳಿ ಹಣವಿರದ ಕಾಲದಲ್ಲಿ ಪಾಲಕರ ವಂತಿಗೆಯಿಂದ ಕಾಲೇಜು ಕಟ್ಟುವ ದಾರಿಯನ್ನು ಕರ್ನಾಟಕ ದೇಶಕ್ಕೇ ತೋರಿಸಿತು. ಆರಂಭದಲ್ಲಿ ಅದಕ್ಕೊಂದು ಸಮರ್ಥನೆ ಇತ್ತು, ಒಳ್ಳೆಯ ಆಸ್ಪತ್ರೆಗಳೂ ಎದ್ದವು. ಆದರೆ ಕೆಲವೇ ವರ್ಷಗಳಲ್ಲಿ ಕಟ್ಟಡದ ಹೆಸರು ಹಿಂದೆ ಸರಿದು ಸೀಟಿನ ದರ ಮುಂದೆ ಬಂತು. 1984ರಲ್ಲಿ ಕರ್ನಾಟಕ ಸರ್ಕಾರವೇ ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಪಡೆಯುವ ಹಣವನ್ನು, ನಿಷೇಧಿಸುವ ಕಾಯ್ದೆ ಮಾಡಬೇಕಾಯಿತು. ಆ ಕಾಯ್ದೆಯಡಿಯಲ್ಲೇ 1989ರ ಜೂನ್ 5ರಂದು ಹೊರಬಿದ್ದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಹೀಗೆ ನಿಗದಿ ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ ಹೆಚ್ಚೆಂದರೆ 25,000, ಹೊರ ರಾಜ್ಯದವರಿಗೆ ಹೆಚ್ಚೆಂದರೆ 60,000.

ಉತ್ತರ ಪ್ರದೇಶದ ಮೇರಠದ ಮೋಹಿನಿ ಜೈನ್ ಎಂಬ ಹುಡುಗಿ 1991ರಲ್ಲಿ ತುಮಕೂರಿನ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದಳು. ಮೊದಲ ವರ್ಷದ 60,000 ಕಟ್ಟಬೇಕು, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು ಎಂದು ಕಾಲೇಜು ಹೇಳಿತು. ಅದಲ್ಲದೆ ನಾಲ್ಕೂವರೆ ಲಕ್ಷ ಕೇಳಿದರೆಂದು ಅವಳ ಆರೋಪ. ಕಾಲೇಜು ಅದನ್ನು ಅಲ್ಲಗಳೆಯಿತು. ಅಷ್ಟು ಹಣ ನನ್ನಿಂದಾಗದು ಎಂದು ತಂದೆ ಹೇಳಿದರು, ಸೀಟು ಸಿಗಲಿಲ್ಲ. ಅವಳು ಸುಪ್ರೀಂ ಕೋರ್ಟಿಗೆ ಹೋದಳು. 1992ರ ಜುಲೈ 30ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಅಡಗಿದೆ. ಕ್ಯಾಪಿಟೇಶನ್ ಪಡೆದು ಸೀಟು ಕೊಡುವುದು ಸಮಾನತೆಗೆ ವಿರುದ್ಧ. ಹೊರಗಿನವರಿಂದ 60,000 ಪಡೆಯುವುದು ಶುಲ್ಕವಲ್ಲ, ಕ್ಯಾಪಿಟೇಶನ್ನೇ ಎಂದು ಪೀಠ ಹೇಳಿತು. ತೀರ್ಪು ಮುಂದಿನ ಪ್ರವೇಶಗಳಿಗೆ ಅನ್ವಯವಾಗುವಂಥದ್ದು. ಹೀಗಾಗಿ ಮೋಹಿನಿಗೆ ಸೀಟು ಸಿಗಲಿಲ್ಲ. ಹೋರಾಡಿದವಳಿಗೆ ಏನೂ ದಕ್ಕದೆ, ಅವಳ ಹೆಸರು ಕಾನೂನಿನ ಪುಸ್ತಕಗಳಲ್ಲಿ ಉಳಿಯಿತು.

ಮರುವರ್ಷವೇ, 1993ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಶಿಕ್ಷಣದ ಹಕ್ಕಿನ ಮಾತನ್ನು ಸ್ವಲ್ಪ ಮೊಟಕು ಮಾಡಿದರು. ಆದರೆ ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ವ್ಯವಸ್ಥೆಯನ್ನು ಕೊಟ್ಟರು. ಅದರ ಹಿಂದೆಯೇ 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬಂತು. ಕೂಲಿಯ ಮಗನೂ ರ‍್ಯಾಂಕ್ ತೆಗೆದರೆ ಎಂಜಿನಿಯರ್ ಆಗಬಹುದು ಎಂಬುದನ್ನು ನಮ್ಮ ಹಳ್ಳಿಗಳು ಮೊದಲ ಸಲ ಕಣ್ಣಾರೆ ಕಂಡದ್ದು ಆಗಲೇ. ಟಿ.ಎಂ.ಎ. ಪೈ ಪ್ರಕರಣ, ಇಸ್ಲಾಮಿಕ್ ಅಕಾಡೆಮಿ ಪ್ರಕರಣ, 2005ರ ಇನಾಮದಾರ್ ಪ್ರಕರಣ ಎಂದು ಮುಂದೆ ತೀರ್ಪಿನ ಮೇಲೆ ತೀರ್ಪು ಬಂತು. ಖಾಸಗಿಯವರಿಗೆ ಸಂಸ್ಥೆ ನಡೆಸುವ ಹಕ್ಕು ಹೆಚ್ಚಿತು. ಕ್ಯಾಪಿಟೇಶನ್ ತಪ್ಪು ಎಂಬ ಮಾತನ್ನು ಮಾತ್ರ ಯಾವ ಪೀಠವೂ ಹಿಂತೆಗೆದುಕೊಂಡಿಲ್ಲ. ಇದನ್ನು ಪಾಲಕರು ಗಟ್ಟಿಯಾಗಿ ತಿಳಿದಿರಬೇಕು.

1989ರ ಆ ಶುಲ್ಕಪಟ್ಟಿಯಲ್ಲಿ ನಮ್ಮ ಗಡಿಯವರು ನೋಡಬೇಕಾದ್ದು ಇನ್ನೊಂದಿದೆ: ಹೊರ ರಾಜ್ಯದವರಿಗೆ ಇಟ್ಟ ಬೇರೆ ದರ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಕಾಗವಾಡ ದಾಟಿದರೆ ಮೀರಜ್, ಸಾಂಗಲಿ. ನಿಪ್ಪಾಣಿಗೆ ಅಂಟಿಕೊಂಡಿರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ನೆಲದಲ್ಲಿದೆ, ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಮ್ಮ ಸಂತೆ, ಆಸ್ಪತ್ರೆ, ಬೀಗತನ ಎಲ್ಲ ಅತ್ತಲೂ ಇವೆ ಇತ್ತಲೂ ಇವೆ. ಗಡಿಯಾಚೆಯ ಕಾಲೇಜಿನ ಕಿಟಕಿಯ ಮುಂದೆ ನಿಂತಾಗ ಮಾತ್ರ ನಮ್ಮ ಮಗು ಹೊರ ರಾಜ್ಯದ್ದು. 1983ರಲ್ಲಿ, ಸಾಂಗಲಿಯವರೇ ಆದ ವಸಂತದಾದಾ ಪಾಟೀಲರು ಮುಖ್ಯಮಂತ್ರಿಯಾಗಿದ್ದಾಗ, ಮಹಾರಾಷ್ಟ್ರ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಟ್ಟಿತು. ಆ ಭಾಗದಲ್ಲಿ ಎದ್ದ ಕಾಲೇಜುಗಳಿಗೆ ನಮ್ಮ ತಾಲೂಕುಗಳಿಂದ ಮಕ್ಕಳು ಹೋದರು, ಅವರ ಹಿಂದೆ ಏಜೆಂಟರು ಬಂದರು. ಏಜೆಂಟನಿಗೆ ಗಡಿ ಇಲ್ಲ. ಅತ್ತಲ ನಿಯಮ ಇತ್ತಲವರಿಗೆ ಗೊತ್ತಿಲ್ಲ ಎಂಬುದೇ ಅವನ ಬಂಡವಾಳ.

ಸೀಟಿಗೆ ಕೊಡುವ ಈ ಹಣ ನಮ್ಮ ಮನೆಗಳಲ್ಲಿ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕುಳಿತು ಹೋರಾಡಿದ ಮೇಲೆ ಕಬ್ಬಿಗೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ಆ ದರದಲ್ಲಿ ಸೀಟಿಗೆಂದು 10 ಲಕ್ಷ ರೂಪಾಯಿ ಕೈಗೆ ಬರಬೇಕಾದರೆ 300 ಟನ್ನಿಗೂ ಹೆಚ್ಚು ಕಬ್ಬು ಕಾರ್ಖಾನೆಗೆ ಹೋಗಬೇಕು. ಎಕರೆಗೆ 40 ಟನ್ ಬಂದರೂ ಏಳೂವರೆ ಎಕರೆಯ ಇಡೀ ವರ್ಷದ ಬೆಳೆ, ಅದೂ ಬೀಜ, ಗೊಬ್ಬರ, ಕಟಾವು ಯಾವುದನ್ನೂ ಕಳೆಯದೆ. ನಮ್ಮಲ್ಲಿ ಏಳೂವರೆ ಎಕರೆ ನೀರಾವರಿ ಇರುವವರು ಎಷ್ಟು ಮನೆ? ಉಳಿದವರು ಹೊಲ ಮಾರುತ್ತಾರೆ, ಇಲ್ಲವೇ ಪತ್ತಿನ ಸಂಘದಲ್ಲಿ ಸಾಲ ಎತ್ತುತ್ತಾರೆ. ಅಕ್ಕನ ಮದುವೆಗೆ ಇಟ್ಟ ಬಂಗಾರ ತಮ್ಮನ ಸೀಟಿಗೆ ಹೋದ ಮನೆಗಳನ್ನು ನಾನು ಬಲ್ಲೆ. ಆ ಅಕ್ಕಂದಿರನ್ನು ಯಾರೂ ಹಗರಣದ ಸಂತ್ರಸ್ತರೆಂದು ಎಣಿಸುವುದಿಲ್ಲ.

ಪರೀಕ್ಷೆಯಿಂದಲೇ ಪ್ರವೇಶ ಎಂದಾದ ಮೇಲೂ ಹಣ ಹೇಗೆ ಒಳಗೆ ಬರುತ್ತದೆ? 2021ರ ಫೆಬ್ರವರಿಯಲ್ಲಿ ಆದಾಯ ತೆರಿಗೆ ಇಲಾಖೆ ವೈದ್ಯಕೀಯ ಕಾಲೇಜು ನಡೆಸುವ ಒಂಬತ್ತು ಟ್ರಸ್ಟುಗಳ ಮೇಲೆ ಕರ್ನಾಟಕ, ಕೇರಳಗಳಲ್ಲಿ ದಾಳಿ ಮಾಡಿತು. ಸೀಟಿಗಾಗಿ ನಗದಿನಲ್ಲಿ ಪಡೆದ 402 ಕೋಟಿ ರೂಪಾಯಿಗೂ ಮೀರಿದ ಹಣದ ಪುರಾವೆ ಸಿಕ್ಕಿದೆ ಎಂದು ಇಲಾಖೆ ಪ್ರಕಟಿಸಿತು. ಅದು ವಿವರಿಸಿದ ವಿಧಾನ ಹೀಗಿತ್ತು. ನೀಟ್‌ನಲ್ಲಿ ಮೇಲಿನ ರ‍್ಯಾಂಕ್ ಬಂದ, ಆ ಕಾಲೇಜಿಗೆ ಸೇರುವ ಮನಸ್ಸೇ ಇಲ್ಲದ ವಿದ್ಯಾರ್ಥಿಗಳನ್ನು ಹಿಡಿದು ಕೌನ್ಸೆಲಿಂಗ್‌ನಲ್ಲಿ ಸೀಟು ಹಿಡಿಸುವುದು, ಕೊನೆಯ ಹೊತ್ತಿಗೆ ಬಿಡಿಸುವುದು. ಖಾಲಿಯಾದ ಸೀಟು ಕಡೆಯ ಸುತ್ತಿನಲ್ಲಿ ಕಾಲೇಜಿನ ಕೈಗೆ ಬರುತ್ತದೆ, ನಗದು ಕೊಟ್ಟವನಿಗೆ ಸಿಗುತ್ತದೆ. 2024ರ ಕೊನೆಯಲ್ಲಿ ಎಂಜಿನಿಯರಿಂಗ್ ಸೀಟುಗಳನ್ನೂ ಹೀಗೆಯೇ ತಡೆದಿಟ್ಟ ಪ್ರಕರಣದಲ್ಲಿ ಬೆಂಗಳೂರು ಪೊಲೀಸರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ನೌಕರನೊಬ್ಬನೂ ಸೇರಿದಂತೆ ಹಲವರನ್ನು ಬಂಧಿಸಿದರು. ಒಂದು ಸೀಟು ಹೀಗೆ ತಡೆದಾಗ, ಪಟ್ಟಿಯಲ್ಲಿ ಮುಂದಿನ ಹೆಸರಿನ ಹುಡುಗಿಗೆ ತನ್ನ ಸೀಟು ಎಲ್ಲಿ ಹೋಯಿತೆಂಬುದೇ ತಿಳಿಯುವುದಿಲ್ಲ. ನಂದೇ ರ‍್ಯಾಂಕ್ ಕಡಿಮೆಯಾಯಿತು ಎಂದು ಅವಳು ತನ್ನನ್ನೇ ಹಳಿದುಕೊಂಡು ಬಿ.ಎಸ್‌ಸಿ.ಗೆ ಸೇರುತ್ತಾಳೆ. ಈ ಮೋಸದಲ್ಲಿ ನನಗೆ ತಡೆಯಲಾಗದ್ದು ಇದೇ.

ಅಮೆರಿಕದಲ್ಲಿ ಹೀಗಿಲ್ಲ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ, ಮಕ್ಕಳನ್ನು ಅಲ್ಲಿಗೆ ಕಳಿಸುವ ಕನಸೂ ಅದರೊಂದಿಗೇ ಬೆಳೆಯುತ್ತದೆ. 2019ರ ಮಾರ್ಚ್ 12ರಂದು ಬಾಸ್ಟನ್ನಿನ ಸರ್ಕಾರಿ ವಕೀಲರು 50 ಜನರ ಮೇಲೆ ಪ್ರಕರಣ ಹಾಕಿದರು. ರಿಕ್ ಸಿಂಗರ್ ಎಂಬ ಪ್ರವೇಶ ಸಲಹೆಗಾರ ಶ್ರೀಮಂತರ ಮಕ್ಕಳನ್ನು ಯೇಲ್, ಸ್ಟ್ಯಾನ್‌ಫರ್ಡ್, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಂಥ ಕಡೆ ಸೇರಿಸಲು 2011ರಿಂದ 2018ರವರೆಗೆ ಸುಮಾರು ಎರಡೂವರೆ ಕೋಟಿ ಡಾಲರ್ ಪಡೆದಿದ್ದ. ಪ್ರವೇಶ ಪರೀಕ್ಷೆಯ ಉತ್ತರ ತಿದ್ದಿಸುವುದು ಒಂದು ದಾರಿ. ಆಟವನ್ನೇ ಆಡದವರನ್ನು ಆಟಗಾರರೆಂದು ತೋರಿಸಿ ಕೋಚುಗಳಿಗೆ ಹಣ ಕೊಟ್ಟು ಸೇರಿಸುವುದು ಇನ್ನೊಂದು. ಆ ಲಂಚವೆಲ್ಲ ಅವನೇ ಕಟ್ಟಿದ ಧರ್ಮಾರ್ಥ ಸಂಸ್ಥೆಯೊಂದಕ್ಕೆ ದಾನವೆಂದು ಬರೆಯಿಸಿ ಬರುತ್ತಿತ್ತು, ತೆರಿಗೆ ವಿನಾಯಿತಿಯೂ ಸಿಗುತ್ತಿತ್ತು. ಚಿಕ್ಕೋಡಿಯ ಪಾಲಕ ಇದನ್ನು ಓದಿದರೆ ಬೆರಗಾಗಲಾರ. ವ್ಯತ್ಯಾಸ ಮುಂದೆ ನಡೆದದ್ದರಲ್ಲಿದೆ. ನಟಿ ಫೆಲಿಸಿಟಿ ಹಫ್‌ಮನ್ ಮಗಳ ಅಂಕ ತಿದ್ದಿಸಲು 15,000 ಡಾಲರ್ ಕೊಟ್ಟಿದ್ದಕ್ಕೆ ಅದೇ ವರ್ಷ ಜೈಲಿಗೆ ಹೋದಳು. ಶಿಕ್ಷೆ 14 ದಿನವಾದರೂ ಕೊಟ್ಟ ತಾಯಿಗೇ ಆದ ಶಿಕ್ಷೆ ಅದು. ಸಿಂಗರ್‌ಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷದ ಸೆರೆಯಾಯಿತು. ನಮ್ಮಲ್ಲಿ ಕಾಯ್ದೆ ಬಂದು 40 ವರ್ಷ ದಾಟಿದೆ. ಡೊನೇಶನ್ ಪಡೆದದ್ದಕ್ಕೆ ಜೈಲಿಗೆ ಹೋದ ಚೇರಮನ್ನರ ಹೆಸರು ಈ ಸಭೆಯಲ್ಲಿ ಯಾರಿಗಾದರೂ ನೆನಪಿಗೆ ಬರುತ್ತದೆಯೇ?

ಈಗ ನಾನು ನಮ್ಮ ಸಾಮಾನ್ಯ ಪದವಿ ಕಾಲೇಜುಗಳಿಗೆ ಬರುತ್ತೇನೆ. ಜೀವಮಾನ ನಾನು ದುಡಿದದ್ದು ಅಲ್ಲೇ. ಬಿ.ಎ., ಬಿ.ಕಾಂ. ಸೀಟಿಗೆ ಯಾರೂ ಲಕ್ಷ ಕೊಡುವುದಿಲ್ಲ. ಇಲ್ಲಿ ಹಣ ಓಡಾಡುವುದು ಅಧ್ಯಾಪಕರ ನೇಮಕದಲ್ಲಿ. ಅನುದಾನಿತ ಕಾಲೇಜಿನಲ್ಲಿ ಸಂಬಳ ಕೊಡುವುದು ಸರ್ಕಾರ, ಆರಿಸುವುದು ಆಡಳಿತ ಮಂಡಳಿ. ಪೋಸ್ಟಿಗೆ ಎಷ್ಟು ನಡೆದಿದೆ ಎಂದು ಉತ್ತರ ಕರ್ನಾಟಕದ ಯಾವ ಊರಿನ ಚಹಾದಂಗಡಿಯಲ್ಲಿ ಕೇಳಿದರೂ ಒಂದು ಅಂಕಿ ಹೇಳುತ್ತಾರೆ. ಆ ಅಂಕಿಗೆ ಪುರಾವೆ ಇಲ್ಲ, ನಾನೂ ಅದನ್ನು ಹೇಳಲಾರೆ. ನೆಟ್ ಪಾಸಾಗಿ, ಪಿಎಚ್.ಡಿ. ಮುಗಿಸಿ, ಅತಿಥಿ ಉಪನ್ಯಾಸಕರಾಗಿ ಹತ್ತಾರು ವರ್ಷ ಪಾಠ ಮಾಡಿ, ಸಂದರ್ಶನಕ್ಕೆ ಕರೆ ಬಂದಾಗ ಅಪ್ಪನಿಗೆ ಹೊಲದ ಉತಾರ ತೆಗೆಸಲು ಹೇಳಬೇಕಾದ ತರುಣರು ನನ್ನ ಶಿಷ್ಯರಲ್ಲೇ ಇದ್ದಾರೆ.

ಹೀಗೆ ಪೋಸ್ಟು ಪಡೆದವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನಲ್ಲಿ ಒಳ್ಳೆಯ ಅಧ್ಯಾಪಕನೂ ಇರಬಹುದು. ಆದರೆ ಮೊದಲ ದಿನವೇ ಅವನು ಸಾಲಗಾರನಾಗಿ ತರಗತಿಗೆ ಹೋಗುತ್ತಾನೆ. ಸಾಲ ತೀರಿಸಲು ಬೆಳಿಗ್ಗೆ ಸಂಜೆ ಟ್ಯೂಷನ್ ಹಿಡಿಯುತ್ತಾನೆ, ಬಡ್ಡಿ ವ್ಯವಹಾರ ಹಿಡಿಯುತ್ತಾನೆ, ಓದುವುದನ್ನು ಬಿಡುತ್ತಾನೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಪರೀಕ್ಷೆಯಲ್ಲಿ ಕಾಪಿ ಮಾಡಲು ಬಿಡಿ ಎಂದು ಮೇಲಿನಿಂದ ಸೂಚನೆ ಬಂದರೆ ಬೇಡ ಎನ್ನುವ ಬಾಯಿ ಅವನಿಗಿಲ್ಲ. ಇಂಥವರ ಮಗನಿಗೆ ಆಂತರಿಕ ಅಂಕ ತುಂಬಾ ಹಾಕಿ ಎಂದರೆ ಹಾಕುತ್ತಾನೆ. ವಿದ್ಯಾರ್ಥಿನಿಯೊಬ್ಬಳು ಸಹೋದ್ಯೋಗಿಯ ವರ್ತನೆ ಸರಿಯಿಲ್ಲ ಎಂದು ಅಳುತ್ತಾ ಬಂದರೆ, ಸಮಿತಿಯ ಮುಂದೆ ಅವಳ ಪಕ್ಕ ನಿಲ್ಲುವ ಧೈರ್ಯ ಅವನಿಗಿರುವುದಿಲ್ಲ. ಅವನ ನೇಮಕದ ಗುಟ್ಟು ಆಡಳಿತದವರ ಕೈಯಲ್ಲಿದೆ. ಹಣ ಕೊಟ್ಟವನು ಮಾರಿಕೊಂಡದ್ದು ಈ ಧೈರ್ಯವನ್ನು. ಅದನ್ನು ಕಳೆದುಕೊಂಡವರು ಅವನ ಮುಂದೆ ಕುಳಿತ ಮಕ್ಕಳು. ಸರ್ಕಾರದ ನೇಮಕದಲ್ಲೂ ಇದೇ ಕಾಯಿಲೆ. 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ 2022ರ ಮಾರ್ಚಿನಲ್ಲಿ ಕೆಇಎ ನಡೆಸಿದ ಪರೀಕ್ಷೆಯಲ್ಲಿ ಭೂಗೋಳ ಶಾಸ್ತ್ರದ ಪ್ರಶ್ನೆಗಳು ಮೊದಲೇ ಹೊರಬಿದ್ದವೆಂದು ಪೊಲೀಸರು ಬಂಧಿಸಿದವರಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರೇ ಇದ್ದರು.

ಕಾಲೇಜು ಹೇಗಿದೆ ಎಂದು ನೋಡಿ ಹೇಳಲು ನ್ಯಾಕ್ ಇದೆಯಲ್ಲ ಎಂದು ಪಾಲಕರು ಕೇಳಬಹುದು. ಬೆಂಗಳೂರಿನಲ್ಲಿರುವ ಆ ಸಂಸ್ಥೆ 1994ರಲ್ಲಿ ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. 2025ರ ಫೆಬ್ರವರಿ 1ರಂದು, ಗುಂಟೂರಿನ ಸಂಸ್ಥೆಯೊಂದಕ್ಕೆ ಎ++ ದರ್ಜೆ ಕೊಡಲು ನಗದು, ಬಂಗಾರ, ಲ್ಯಾಪ್‌ಟಾಪ್‌ಗಳ ಲಂಚ ಕೊಟ್ಟು ಪಡೆದ ಆರೋಪದ ಮೇಲೆ ಸಿಬಿಐ 10 ಜನರನ್ನು ಬಂಧಿಸಿತು. ತಪಾಸಣೆಗೆ ಹೋದ ತಂಡದಲ್ಲಿ ಕರ್ನಾಟಕದ ಅಧ್ಯಾಪಕರೂ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದಕ್ಕೆ ಅನುಕೂಲದ ವರದಿ ಬರೆಯಲು 10 ಲಕ್ಷ ಪಡೆದ ಆರೋಪದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮೌಲ್ಯಮಾಪಕರೊಬ್ಬರ ಬಂಧನವಾಯಿತು. ಆರೋಪಗಳು ನ್ಯಾಯಾಲಯದಲ್ಲಿ ತೀರ್ಮಾನವಾಗಲಿ. ಆದರೆ ಅಮೆರಿಕದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2022ರ ಫೆಬ್ರವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಡ್ಡಿಯಸ್, ತಮ್ಮದೇ ವಿಶ್ವವಿದ್ಯಾಲಯ ರ‍್ಯಾಂಕಿಂಗ್‌ಗೆ ಕೊಟ್ಟ ತರಗತಿಗಳ ಗಾತ್ರ, ಅಧ್ಯಾಪಕರ ಅರ್ಹತೆಗಳ ಅಂಕಿಗಳು ಸರಿಯಿಲ್ಲ ಎಂದು ಲೆಕ್ಕ ಹಾಕಿ ಬಹಿರಂಗವಾಗಿ ಬರೆದರು. ಆ ಸೆಪ್ಟೆಂಬರಿನಲ್ಲಿ ಕೊಲಂಬಿಯಾ 2ನೆಯ ಸ್ಥಾನದಿಂದ 18ಕ್ಕೆ ಇಳಿಯಿತು. ತನ್ನ ಸಂಸ್ಥೆಯ ಲೆಕ್ಕ ತಪ್ಪೆಂದು ಹೇಳಿ ಅಲ್ಲೇ ಕೆಲಸ ಮುಂದುವರಿಸಿದ ಪ್ರಾಧ್ಯಾಪಕ ಅವರು. ಅಂಥ ಅಧ್ಯಾಪಕ ನಮ್ಮಲ್ಲಿ ಬೇಕಾದರೆ ಅವನು ಯಾರಿಗೂ ಹಣ ಕೊಡದೆ ಒಳಗೆ ಬಂದವನಾಗಿರಬೇಕು.

ಸಂಸ್ಥೆ ಮಾಡಿದ ತಪ್ಪಿಗೆ ವಿದ್ಯಾರ್ಥಿ ದಂಡ ತೆರುವುದಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕಿಂತ ಬೇರೆ ಉದಾಹರಣೆ ಬೇಡ. 1996ರಲ್ಲಿ ಶುರುವಾದ ಅದು ದುಡಿಯುತ್ತಲೇ ಓದುವವರ ಆಸರೆಯಾಗಿತ್ತು. ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು, ಕಾರ್ಖಾನೆಯ ನೌಕರರು, ಬಡ್ತಿಗಾಗಿ ಎಂ.ಎ. ಮಾಡಬೇಕಾದ ಶಾಲಾ ಮಾಸ್ತರರು ಅಲ್ಲಿ ಹೆಸರು ಹಚ್ಚಿದರು. ಅದು ಖಾಸಗಿ ಪಾಲುದಾರರ ಮೂಲಕ ರಾಜ್ಯದ ಗಡಿ ದಾಟಿ ಕೇಂದ್ರಗಳನ್ನು ತೆರೆಯಿತು. ವ್ಯಾಪ್ತಿ ಮೀರಿದ್ದೀರಿ ಎಂದು ಯುಜಿಸಿ 2015ರ ಜೂನ್ 16ರಂದು ಪ್ರಕಟಣೆ ಹೊರಡಿಸಿ, 2012–13ರ ನಂತರ ಮಾನ್ಯತೆ ಇಲ್ಲ ಎಂದಿತು. ಹೊರ ರಾಜ್ಯದ ಕೇಂದ್ರಗಳಲ್ಲಿ ಏನು ನಡೆಯಿತೆಂದು ಗೊತ್ತೇ ಇಲ್ಲದ, ನಿಯಮದಂತೆ ಶುಲ್ಕ ಕಟ್ಟಿ ಪರೀಕ್ಷೆ ಬರೆದ ನಮ್ಮ ಮಂದಿಯ ಅಂಕಪಟ್ಟಿಯನ್ನು ನೌಕರಿಯ ಕಚೇರಿಗಳು ಪಕ್ಕಕ್ಕಿಟ್ಟವು. 2018ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ವಯಸ್ಸಿನ ಮಿತಿ ಮೀರಿದವರಿಗೆ ನೌಕರಿ ಮರಳಲಿಲ್ಲ.

ಪಾಲಕರೇ, ನಿಮ್ಮ ಕೈಯಲ್ಲಿ ಏನಿದೆ ಎಂಬುದನ್ನು ಹೇಳಿ ಮುಗಿಸುತ್ತೇನೆ. ಸರ್ಕಾರದಿಂದ ಗಣನೀಯ ಹಣ ಪಡೆಯುವ ಕಾಲೇಜು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತದೆ ಎಂದು 2019ರ ಸೆಪ್ಟೆಂಬರ್ 17ರಂದು ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅನುದಾನಿತ ಕಾಲೇಜೊಂದರಲ್ಲಿ ಯಾವ ಹುದ್ದೆಗೆ ಎಷ್ಟು ಅರ್ಜಿ ಬಂದವು, ಸಂದರ್ಶನದಲ್ಲಿ ಯಾರಿಗೆ ಎಷ್ಟು ಅಂಕ ಬಿತ್ತು, ಮೀಸಲಾತಿಯ ರೋಸ್ಟರ್ ಹೇಗೆ ಅನ್ವಯಿಸಿತು ಎಂದು 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು. ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ 2011ರ ಆಗಸ್ಟ್ 9ರ ತೀರ್ಪಿನಿಂದಲೇ ಬಂದಿದೆ. ಯಾವ ಕಾಲೇಜಾದರೂ ಸರಿ, ಶುಲ್ಕ ಕಟ್ಟಿದರೆ ರಸೀದಿ ಕೇಳಿ; ರಸೀದಿ ಕೊಡುವುದಿಲ್ಲ ಎಂದಲ್ಲಿ ಹಣ ಕೊಡಬೇಡಿ.

ಈ ವೇದಿಕೆಯ ಮೇಲಿರುವ ಆಡಳಿತ ಮಂಡಳಿಗಳ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಬರುವ ಜೂನ್ ಒಳಗೆ ನಿಮ್ಮ ಶುಲ್ಕದ ಪೂರ್ಣ ಪಟ್ಟಿಯನ್ನು ಕಾಲೇಜಿನ ಗೇಟಿನಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಹಚ್ಚಿರಿ. ಮುಂದಿನ ನೇಮಕದಲ್ಲಿ ಅಭ್ಯರ್ಥಿಗಳಿಗೆ ಎಲ್ಲರೆದುರು ಅರ್ಧ ಗಂಟೆ ಪಾಠ ಮಾಡಲು ಹೇಳಿ, ವಿದ್ಯಾರ್ಥಿಗಳೂ ಪಾಲಕರೂ ಬಂದು ಕುಳಿತುಕೊಳ್ಳಲಿ, ಅಂಕಗಳನ್ನು ಅಂದೇ ಸಂಜೆ ಫಲಕಕ್ಕೆ ಹಾಕಿರಿ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲು ನನ್ನಂಥ ನಿವೃತ್ತ ಅಧ್ಯಾಪಕರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿದ್ದಾರೆ. ಪ್ರವೇಶದ ದಿನಗಳಲ್ಲಿ ನಿಮ್ಮ ಗೇಟಿನ ಹತ್ತಿರ ಒಂದು ಮೇಜು ಹಾಕಿಕೊಂಡು ಕುಳಿತುಕೊಳ್ಳಲು ನಮಗೆ ಜಾಗ ಕೊಡಿ.